ಟ್ರೇಯಲ್ಲಿಟ್ಟ ಕರಡಿಗೆ

ಅಹಮದಾಬಾದಿನಲ್ಲಿದ್ದ ತಂಗಿ ಮಂಗಲಾಳಿಗೆ ಮರುದಿನ ಹೃದಯದ ಆಪರೇಷನ್. ಅದಕ್ಕೇ ಬನಹಟ್ಟಿಯ ಶೇವಂತಿ ಮಗ್ಗ ನಿಲ್ಲಿಸಿ, ಮುಪ್ಪಿನ ಅವ್ವ ಲಕ್ಷ್ಮವ್ವನನ್ನು ಕರೆದುಕೊಂಡು ಮೊದಲ ಸಲ ವಿಮಾನ ಹತ್ತಲು ಬಂದಿದ್ದಳು.

ತಪಾಸಣೆಯ ಪರದೆಯೊಳಗೆ ಪೊಲೀಸಮ್ಮನ ಕೈಯಲ್ಲಿದ್ದ ಯಂತ್ರ ಅವ್ವನ ಎದೆಯ ಬಳಿ ಕೀ ಎಂದಿತು. ಅಲ್ಲಿ ಬೆಳ್ಳಿಯ ಕರಡಿಗೆ, ಅದರೊಳಗೆ ಇಷ್ಟಲಿಂಗ.

"ಉತಾರೋ," ಎಂದು ಆಕೆ, ತೆಗೆದಿಡುವಂತೆ ಟ್ರೇ ತೋರಿಸಿದಳು. ಅದರಲ್ಲಾಗಲೇ ಯಾರದೋ ಬೆಲ್ಟು, ಬೂಟು ಬಿದ್ದಿದ್ದವು.

ಲಕ್ಷ್ಮವ್ವ ಎದೆ ಮುಚ್ಚಿಕೊಂಡಳು. "ನಾ ತಗಿಯೂದಿಲ್ಲ. ಸತ್ತಮ್ಯಾಲೂ ಇದು ನನ್ನ ಜೋಡಿನ ಮಣ್ಣಿಗಿ ಹೋಗೂದು."

"ಭಗವಾನ್ ಹೈ ಜೀ," ಎಂದು ಶೇವಂತಿ ಗೋಗರೆದಳು. ಅವಳಿಗೆ ಬರುತ್ತಿದ್ದ ಹಿಂದಿ ಅಷ್ಟೇ. ಪೊಲೀಸಮ್ಮ ಮತ್ತೆ ಟ್ರೇ ಕಡೆಗೇ ಬೆರಳು ಮಾಡಿದಳು. ಹೊರಗೆ ಸಾಲಿನಲ್ಲಿದ್ದವರು ಗೊಣಗತೊಡಗಿದರು. ವಿಮಾನ ತಪ್ಪಿದರೆ ಮಂಗಲಾಳ ಮುಖ ನೋಡುವುದು ಹೇಗೆ? ಶೇವಂತಿ ಅವ್ವನ ಕೈ ಸರಿಸಿ, ತಾನೇ ಕರಡಿಗೆ ಬಿಚ್ಚಿ ಟ್ರೇಗೆ ಹಾಕಿಬಿಟ್ಟಳು.

ಅವ್ವ ಬರಿಗೊರಳು ಹಿಡಿದುಕೊಂಡು ನಿಂತೇ ಇದ್ದಳು.

ಆಚೆ ಕರಡಿಗೆ ಕೈಗೆ ಬಂದಾಗ, ಕನ್ನಡ ಬಲ್ಲ ಹಿರಿಯ ಅಧಿಕಾರಿಯೊಬ್ಬ ಬಂದು, "ಕೈಯಾಗ ಹಿಡದು ತೋರಿಸಿದ್ರೂ ನಡೀತಿತ್ತಲ್ಲರೀ, ನನ್ನ ಕರೀಬೇಕಿಲ್ಲೇನು?" ಎಂದ. ಯಾರನ್ನು ಕರೆಯಬೇಕೆಂದು ಅಲ್ಲೆಲ್ಲೂ ಬರೆದಿರಲಿಲ್ಲ.

ಅಷ್ಟೆಲ್ಲ ಆದಮೇಲೆ ನೋಡಿದರೆ ವಿಮಾನವೇ ತಡವಾಗಿತ್ತು.

"ನೀರರೆ ಕುಡಿ ಬೇ."

"ಲಿಂಗ ಮೈ ಬಿಟ್ಟಿತ್ತು. ಮತ್ತ ಪೂಜಿ ಆಗೂ ತನಕಾ ಒಲ್ಲೆ."

ಶೇವಂತಿ ಜಾಗ ಹುಡುಕಿದಳು. ಕಾಫಿ ಅಂಗಡಿ, ಅತ್ತರಿನ ಅಂಗಡಿ, ಕಾರ್ಡು ಇದ್ದವರಿಗೆ ಮಾತ್ರ ಮೆತ್ತನೆಯ ಸೋಫಾ; ಮುದುಕಿಯೊಬ್ಬಳು ನೆಲಕ್ಕೆ ಕೂತು ಕಣ್ಣು ಮುಚ್ಚಲು ಒಂದು ಮೂಲೆಯಿಲ್ಲ. ಕೊನೆಗೆ ಕಂಬದ ಹಿಂದೆ ಶಾಲು ಹಾಸಿದಳು. ಅವ್ವ ಗೋಡೆಗೆ ಮುಖಮಾಡಿ, ಎಡಗೈಯಲ್ಲಿ ಲಿಂಗವಿಟ್ಟು ಬಾಟಲಿಯ ನೀರೆರೆದಳು. ನೀರು ಹೊಳೆಯುವ ನೆಲದ ಮೇಲೆ ಹರಿಯಿತು.

ಸಮವಸ್ತ್ರದವನೊಬ್ಬ ಧಾವಿಸಿ ಬಂದ. "ಇಲ್ಲಿ ಕೂಡಬಾರದು!"

ಶೇವಂತಿ ಅಡ್ಡ ನಿಂತಳು. ಮೊದಲೇ ಬರಬೇಕಿದ್ದ ದನಿ ಈಗ ಬಂತು. "ಪೂಜಿ ಮುಗೀಲಿ. ನೆಲ ನಾ ಒರಸ್ತೇನಿ. ಅಲ್ಲೀತನಕಾ ಅಕೀನ ಮುಟ್ಟಬ್ಯಾಡ್ರಿ."

ಅವನು ಅವಳ ಮುಖ ನೋಡಿ ಹಿಂದೆ ಸರಿದ.

ಪೂಜೆ ಮುಗಿಸಿ ಅವ್ವ ನೀರು ಕುಡಿದಳು.

"ತಪ್ಪಾತು ಬೇ," ಎಂದಳು ಶೇವಂತಿ.

"ಆ ಪೊಲೀಸಾಕಿ ತಗದಿದ್ರ ಇಷ್ಟ ಉರೀತಿದ್ದಿಲ್ಲ," ಎಂದಳು ಅವ್ವ, ಅವಳ ಕಡೆ ನೋಡದೆ.

ಮಂಗಲಾಳ ಆಪರೇಷನ್ ಸುಸೂತ್ರವಾಯಿತು. ಅವ್ವ ಅವಳಿಗೆ ಮೋಡದ ಬಗ್ಗೆ ಹೇಳಿದಳು, ಗಗನಸಖಿ ಕೊಟ್ಟ ಚಾಕಲೇಟಿನ ಬಗ್ಗೆ ಹೇಳಿದಳು, ಆ ಪರದೆಯ ಬಗ್ಗೆ ಮಾತ್ರ ತುಟಿ ಬಿಚ್ಚಲಿಲ್ಲ. ತಿರುಗಿ ಬರುವಾಗ ವಿಮಾನ ಒಲ್ಲೆ ಎಂದಳು. ರೈಲಿನಲ್ಲಿ ತಾಯಿ ಮಗಳು ಎದುರುಬದುರು ಕೂತು, ಊರು ಬರುವವರೆಗೂ ಊಟದ ಮಾತೊಂದನ್ನು ಬಿಟ್ಟು ಬೇರೇನೂ ಆಡಲಿಲ್ಲ.