ಒಂಬತ್ತನೆಯ ನಂಬರಿನ ಅಚ್ಚು

ನಿಪ್ಪಾಣಿಯ ಹೊರಗಿನ ಫೌಂಡ್ರಿಯಲ್ಲಿ ಲಗಮಣ್ಣ ಇಪ್ಪತ್ತೆರಡು ವರ್ಷ ದುಡಿದವನು. ಅಚ್ಚನ್ನು ಮರಳಿನಲ್ಲಿ ಒತ್ತಿ ತೆಗೆಯುವುದು, ಉಳಿದ ಪೊಳ್ಳಿಗೆ ಕರಗಿದ ಕಬ್ಬಿಣ ಹೊಯ್ಯುವುದು ಅವನ ಕೆಲಸ. ದಿನದ ಮೊದಲ ಅಚ್ಚನ್ನು ಎತ್ತುವ ಮುಂಚೆ ಅದನ್ನು ಮುಟ್ಟಿ ಕಣ್ಣಿಗೊತ್ತಿಕೊಳ್ಳುತ್ತಿದ್ದ. ಒಂಬತ್ತನೆಯ ನಂಬರಿನ ಅಚ್ಚು ಅಮೆರಿಕದ ಒಂದು ಕಾರು ಕಂಪನಿಯದು. ಎರಡು ಸಾವಿರದ ಎಂಟರ ದೀಪಾವಳಿ ಮುಗಿಯುತ್ತಲೇ ಆ ಕಂಪನಿ ನೆಲಕಚ್ಚಿತು. ಇಲ್ಲಿ ಲಗಮಣ್ಣನೂ ಸೇರಿ ನಲವತ್ತು ಮಂದಿಯನ್ನು ಮನೆಗೆ ಕಳಿಸಿದರು.

"ಅಚ್ಚು ಇಲ್ಲೇ ಐತ್ರಿ," ಎಂದಿದ್ದ ಸೂಪರ್‌ವೈಜರ್ ವಿಕ್ರಾಂತ. "ಅದು ಇರೋತನಕಾ ಆರ್ಡರ್ ಬಂದ ಬರತೈತಿ. ಮೊದಲ ನಿಮ್ಮನ್ನ ಕರಸ್ತೇನಿ."

ಲಗಮಣ್ಣ ಆ ಮಾತನ್ನೇ ನೆಚ್ಚಿಕೊಂಡ. ಏಕಸಂಬಿಯಲ್ಲಿ ಸಿಕ್ಕಿದ್ದ ಗೋದಾಮಿನ ಕಾವಲು ಕೆಲಸವನ್ನೂ ಬಿಟ್ಟುಕೊಟ್ಟ.

ಜೊತೆಗೇ ಕೆಲಸ ಕಳೆದುಕೊಂಡಿದ್ದ ಭರಮು ಒಂದು ದಿನ ಚಹದಂಗಡಿಯಲ್ಲಿ ಮರಾಠಿ ಪೇಪರು ಬಿಡಿಸಿ ಹೇಳಿದ:

"ಅಮೆರಿಕಾದ ಸರಕಾರ ಕಾರ್ ಕಂಪನಿಗೋಳಿಗಿ ರೊಕ್ಕ ಕೊಡಾಕತ್ತೈತಿ ಕಾಕಾ. ನಮ್ಮ ತೆರಿಗಿ ರೊಕ್ಕ ಸಾವಕಾರಗೋಳಿಗ್ಯಾಕ ಅಂತ ಮಂದಿ ಬಾಯಿ ಮಾಡಾಕತ್ತಾರ. ಸ್ವಂತ ವಿಮಾನದಾಗ ಬಂದು ಭಿಕ್ಷಾ ಬೇಡ್ಯಾರಂತ ನೋಡ, ಕಂಪನಿ ಸಾಹೇಬರು!"

ಅಂಗಡಿಯೆಲ್ಲ ನಕ್ಕಿತು. ಲಗಮಣ್ಣ ನಗಲಿಲ್ಲ.

"ಕೊಡ್ಲಿ ಬಿಡಲೇ. ಅವರ ಗಾಡಿ ಓಡಿದ್ರ ನಮ್ಮ ಒಲಿ ಹತ್ತತೈತಿ."

"ಅಲ್ಲಿ ಮಂದಿ ಬೈತಾರ, ಇಲ್ಲಿ ನಮ್ಮ ಕಾಕಾ ಹರಕಿ ಹೊರತಾನ!"

ಹರಕೆ ಹೊತ್ತದ್ದು ನಿಜ. ಕೆಲಸ ಮರಳಿ ಬರುವ ತನಕ ಪ್ರತಿ ಸೋಮವಾರ ಹಗಲೆಲ್ಲ ಉಪವಾಸವೆಂದು ಮಹಾದೇವನಿಗೆ ನುಡಿದಿದ್ದ.

ಹೆಂಡತಿ ಗಿರಿಜವ್ವ ಬೀಡಿ ಸುತ್ತುತ್ತ ಕೇಳಿದ್ದಳು: "ದೇವರ ಮುಂದ ಆ ಕಂಪನಿ ಹೆಸರು ಹೇಳಾಕರೆ ಬರತೈತೇನ್ರಿ ನಿಮಗ?"

"ಬರೂದಿಲ್ಲ. ಒಂಬತ್ತನೇ ನಂಬರ ಅಂತ ಹೇಳೇನಿ."

ಅಮೆರಿಕದ ಸರಕಾರ ದುಡ್ಡು ಕೊಟ್ಟಿತೆಂಬ ಸುದ್ದಿ ಬಂತು. ಲಗಮಣ್ಣ ಓಣಿಗೆಲ್ಲ ಸಕ್ಕರೆ ಹಂಚಿದ. ಆರು ತಿಂಗಳಾದ ಮೇಲೆ, ಒಂದು ಭಾನುವಾರ, ವಿಕ್ರಾಂತನ ಫೋನು ಬಂತು: "ನಾಳೆ ಮುಂಜಾನೆ ಬರ್ರಿ, ನೀವ ಬೇಕು."

ಏಕೆಂದು ಲಗಮಣ್ಣ ಕೇಳಲಿಲ್ಲ. ಹರಕೆ ತೀರಿತೆಂದು ಗಿರಿಜವ್ವ ಸೋಮವಾರವೇ ಆದರೂ ರೊಟ್ಟಿ ಬುತ್ತಿ ಕಟ್ಟಿದಳು.

ಫೌಂಡ್ರಿಯ ಬಾಗಿಲಲ್ಲಿ ಲಾರಿ ನಿಂತಿತ್ತು. ವಿಕ್ರಾಂತ ಲಾರಿಯ ಕಡೆಗೆ ನೋಡುತ್ತಲೇ ಹೇಳಿದ:

"ರೊಕ್ಕ ಸಿಕ್ಕಮ್ಯಾಲೆ ಅವರು ಲುಕ್ಸಾನದ ಗಾಡಿಗಳನ್ನೆಲ್ಲಾ ಬಂದ್ ಮಾಡ್ಯಾರ್ರಿ. ನಮ್ಮದೂ ಅದರಾಗ ಹೋತು. ಅಚ್ಚು ಅವರ ಮಾಲು, ವಾಪಸ್ ಕೇಳ್ಯಾರ. ಮೂಲಿ ಮುಕ್ಕಾಗದಂಗ ಕಟ್ಟಾಕ ನಿಮಗಷ್ಟ ಬರತೈತಿ."

ಲಗಮಣ್ಣನಿಗೆ ಸಿಟ್ಟು ಬಂತು. ಆದರೆ ಯಾರನ್ನು ಬೈಯುವುದು? ವಿಕ್ರಾಂತ ಸಂಬಳದವನು. ಕಂಪನಿಯವರು ಸಮುದ್ರದಾಚೆ. ಅಲ್ಲಿನ ಮಂದಿಯಂತೆ ಸರಕಾರವನ್ನು ಬೈಯೋಣವೆಂದರೆ, ರೊಕ್ಕ ಕೊಡಲಿ ಎಂದಿದ್ದವನು ತಾನೇ. ದೇವರ ಕಡೆಗೆ ಹೊರಟ ಮನಸ್ಸನ್ನು ಹೆದರಿ ಹಿಂದಕ್ಕೆಳೆದುಕೊಂಡ.

ಗೋಣಿತಟ್ಟು ಸುತ್ತಿದ, ಹುಲ್ಲು ತುಂಬಿದ, ಹಗ್ಗ ಬಿಗಿದ. ಲಾರಿಗೆ ಎತ್ತುವ ಮುಂಚೆ ಕೈ ತಾನಾಗಿಯೇ ಹೋಗಿ ಅಚ್ಚನ್ನು ಮುಟ್ಟಿ ಕಣ್ಣಿಗೆ ಬಂತು.

ಲಾರಿ ಹೋದ ಮೇಲೆ ಬೇವಿನ ಮರದ ಕೆಳಗೆ ಕುಳಿತ. ಊಟದ ಭೋಂಗಾ ಕೂಗಿತು. ಬುತ್ತಿ ಹಾಗೇ ಒಯ್ದರೆ, ಬಾಯಿ ಬಿಡುವ ಮೊದಲೇ ಗಿರಿಜವ್ವನಿಗೆ ಎಲ್ಲ ತಿಳಿದುಹೋಗುತ್ತದೆ. ಉಂಡರೆ ಹರಕೆ ಮುರಿಯುತ್ತದೆ: ಕೆಲಸ ಬಂದಿಲ್ಲ, ಇಂದು ಸೋಮವಾರ.

ಗಂಟು ಬಿಚ್ಚಿದ. ರೊಟ್ಟಿ ಇನ್ನೂ ಮೆತ್ತಗಿತ್ತು. ಮತ್ತೆ ಕಟ್ಟಿ, ತೊಡೆಯ ಮೇಲಿಟ್ಟುಕೊಂಡು ಕುಳಿತೇ ಇದ್ದ.