ಹೊಸಹಟ್ಟಿಯ ಹೆಂಚು

ತರೀಕೆರೆ ಕಡೆಯ ಕಾಡಂಚಿನ ಹೊಸಹಟ್ಟಿಯ ಜಾಗ ಅರಣ್ಯದ್ದೋ ಕಂದಾಯದ್ದೋ ಎಂಬ ತಕರಾರು ಎಪ್ಪತ್ತೆಂಟರಲ್ಲಿ ಕೋರ್ಟಿಗೆ ಹೋಯಿತು. ತೀರ್ಮಾನ ಆಗುವವರೆಗೆ ಜಾಗ ಖಾಲಿ ಮಾಡಬೇಕೆಂದು ಆರ್ಡರು ಬಂತು. ವರ್ಷಗಟ್ಟಲೆ ಅಲ್ಲೇ ಉತ್ತು ಬಿತ್ತಿದವರು ಗಂಟುಮೂಟೆ ಕಟ್ಟಿಕೊಂಡು ಕಡೂರಿನತ್ತ ಹೊರಟರು. ಹೊರಡುವ ಮುಂಚೆ ಚಿಕ್ಕಬೀರಪ್ಪ ಪಕ್ಕದೂರಿನ ಗೆಳೆಯ ಈರಭದ್ರಪ್ಪನ ಕೈ ಹಿಡಿದುಕೊಂಡ.

"ಈರಣ್ಣ, ಸೋಮವಾರ ಸೋಮವಾರ ನಮ್ಮನೇಲೊಂದು ದೀಪ ಹಚ್ಚು. ದೀಪ ಇಲ್ದಿದ್ರೆ ಮನೆ ಪಾಳು ಬೀಳ್ತದೆ ಕಣಣ್ಣ."

"ಹಚ್ತೀನಿ ಹೋಗೋ. ನಿನ್ನ ಮನೆ ಬೇರೆಯಾ, ನನ್ನ ಮನೆ ಬೇರೆಯಾ?" ಅಂದ ಈರಭದ್ರಪ್ಪ. ಆ ಮಾತನ್ನು ಅವನು ಚೆನ್ನಾಗಿಯೇ ನಡೆಸಿಕೊಟ್ಟ ಅನ್ನಬೇಕು.

ಮೊದಮೊದಲು ತಪ್ಪದೆ ಹಚ್ಚಿದ. ಅಷ್ಟರಲ್ಲಿ ಅವನ ಊರಿನವರ ಕಣ್ಣು ಹೊಸಹಟ್ಟಿಯ ಮೇಲೆ ಬಿತ್ತು. ಒಬ್ಬ ಬಾಗಿಲು ಕಿತ್ತ, ಇನ್ನೊಬ್ಬ ತೊಲೆ ಹೊತ್ತ, ಬಾವಿಯ ರಾಟೆಯನ್ನೂ ಬಿಡಲಿಲ್ಲ. ಈರಭದ್ರಪ್ಪ ಎಲ್ಲರಿಗೂ ಉಗಿದ. ಉಗಿದು ಉಗಿದು ಸಾಕಾಗಿ, ನಾನು ಬಿಟ್ಟರೆ ಇನ್ಯಾರೋ ಒಯ್ಯುತ್ತಾರೆ ಎಂದುಕೊಂಡ. ಹಾಗಂದುಕೊಳ್ಳದ ಕಳ್ಳ ಎಲ್ಲಿದ್ದಾನೆ? ಒಂದು ಸೋಮವಾರ ದೀಪ ಹಚ್ಚಿ, ಕಾಯಿ ಒಡೆದು, "ತಪ್ಪಾಯ್ತು ತಾಯಿ" ಎಂದು ಮನೆಗೇ ಕೈಮುಗಿದು ಮಾಡು ಹತ್ತಿದ. ಹೆಂಚು, ರೀಪು ಎಲ್ಲ ಗಾಡಿಯಲ್ಲಿ ಬಂದು ಅವನ ಕೊಟ್ಟಿಗೆಯ ಮೇಲೆ ಕೂತವು.

ಮಾಡಿಲ್ಲದ ಮನೆಯಲ್ಲಿ ಗಾಳಿಗೆ ದೀಪ ನಿಲ್ಲಲಿಲ್ಲ. ಹೆಂಚು ಇರುವ ಕಡೆ ಹಚ್ಚಿದರೂ ನಡೆದೀತು ಎಂದು ಸೋಮವಾರದ ದೀಪವೂ ಕೊಟ್ಟಿಗೆಗೇ ಬಂತು. ಎಮ್ಮೆಗಳು ಏನಂದುಕೊಂಡವೋ. ಹೆಂಡತಿ ಶಂಕರಮ್ಮ ಮಾತ್ರ "ಯಾರನ್ನ ಯಾಮಾರಿಸ್ತೀರಾ?" ಎಂದು ಒಂದೇ ಸಲ ಕೇಳಿ ಸುಮ್ಮನಾದಳು.

ಮೂರನೆಯ ವರ್ಷ ಚಿಕ್ಕಬೀರಪ್ಪ ಅಜ್ಜಂಪುರದ ಬಸ್ಸಿಳಿದು ಸೀದಾ ಗೆಳೆಯನ ಮನೆಗೇ ಬಂದ.

"ಕೇಸು ಮುಗೀತು ಈರಣ್ಣ! ಯಾರ ಮನೆ ಉಳ್ದೈತೋ ಅವರಿಗೆ ಜಾಗ ಕೊಡ್ತಾರಂತೆ. ನಾಳೆ ಅಮಲ್ದಾರ್ರು ನೋಡೋಕೆ ಬತ್ತಾರೆ."

ಹೇಳುತ್ತಲೇ ಚಿಕ್ಕಬೀರಪ್ಪನ ಕಣ್ಣು ಕೊಟ್ಟಿಗೆಯ ಮೇಲೆ ಹೋಯಿತು. ನಡುವೆ ಮೂಲೆ ಒಡೆದ ಗಾಜಿನ ಹೆಂಚು. ತನ್ನ ಕೈಯಾರೆ ಕೂರಿಸಿದ್ದು ಗುರುತು ಸಿಗದಿರುತ್ತದೆಯೆ?

"ನಾನೇ ಕಣೋ," ಅಂದ ಈರಭದ್ರಪ್ಪ. ಭೂಮಿ ಬಾಯಿಬಿಟ್ಟು ನುಂಗಬಾರದೇ ಅನ್ನಿಸಿತು.

ಚಿಕ್ಕಬೀರಪ್ಪ ಮುಖ ಬೇರೆ ಕಡೆ ತಿರುಗಿಸಿ ಹೇಳಿದ: "ಕಳ್ಳರು ಒಯ್ದಾರು ಅಂತ ಇಳಿಸಿಟ್ಟಿದ್ದೆ ಅಂದ್ಬಿಡು ನಾಳೆ. ಗೋಡೆ ಐತೆ, ಹೆಂಚು ಜೋಪಾನವಾಗೈತೆ ಅಂದ್ರೆ ಮನೆ ಐತೆ ಅಂತ ಬರ್ಕೊಂಡಾರು."

ಮರುದಿನ ಈರಭದ್ರಪ್ಪ ಹಾಗೇ ಹೇಳಿದ. ಅಮಲ್ದಾರರು ಊರೆಲ್ಲ ನೆರೆದಿರುವಾಗಲೇ ಅವನ ಬೆನ್ನು ತಟ್ಟಿದರು. "ಊರಿಗೊಬ್ಬ ಇಂಥವನಿದ್ದರೆ ಸಾಕು ನೋಡ್ರಯ್ಯ!" ಬಾಗಿಲು ಕಿತ್ತವರು, ತೊಲೆ ಹೊತ್ತವರು ಮುಸಿಮುಸಿ ನಕ್ಕರು. ನಾನೂ ಕಳ್ಳನೇ ಎಂದು ಕೂಗಿ ಹಗುರಾಗುವ ದಾರಿಯೂ ಅವನಿಗಿರಲಿಲ್ಲ. ಕೂಗಿದರೆ ಗೆಳೆಯನ ಮನೆ ಹೋಗುತ್ತಿತ್ತು. ತಲೆ ತಗ್ಗಿಸಿ ನಿಂತ. ಅದನ್ನೂ ಜನ ವಿನಯ ಅಂದುಕೊಂಡರು.

ಸಂಜೆ ಹೆಂಚು ಗಾಡಿಗೆ ತುಂಬಿದ ಮೇಲೆ, ತಾನೂ ಬಂದು ಹೊದಿಸಿಕೊಡುತ್ತೇನೆಂದು ಈರಭದ್ರಪ್ಪ ಗಾಡಿ ಹತ್ತಲು ಹೋದ. ಚಿಕ್ಕಬೀರಪ್ಪ ಅವನ ಕೈಯನ್ನು ಮೆಲ್ಲಗೆ ಬಿಡಿಸಿದ.

"ಬ್ಯಾಡ ಬಿಡಿ ಈರಭದ್ರಪ್ಪನೋರೇ," ಅಂದ. "ನಿಮಗ್ಯಾಕೆ ತೊಂದ್ರೆ."