ಬೆನ್ನೊಂದು, ಹೊಟ್ಟೆಯೊಂದು

ನಾರ್ಫೋಕ್ ಜಿಲ್ಲೆಯಲ್ಲಿ ಯಾರೇ ನೀರುಜೀರುಂಡೆಯ ಫೋಟೋ ತೆಗೆದು ಜಾಲತಾಣಕ್ಕೆ ಹಾಕಲಿ, ಅದು ಹಿಲರಿ ಕೆರಿಸನ್ನಳ ಕಣ್ಣು ದಾಟಿಯೇ ದಾಖಲೆಗೆ ಹೋಗಬೇಕು. ಸಂಬಳವಿಲ್ಲದ ಕೆಲಸ, ದರ್ಬಾರು ಮಾತ್ರ ಬೇಕಾದಷ್ಟು. ಹಿಂದೊಮ್ಮೆ ಯಾರೋ ರಜೆಗೆ ಹೋದಲ್ಲಿ ತೆಗೆದ ಫೋಟೋವನ್ನು ತಮ್ಮೂರಿನದೆಂದು ದಾಟಿಸಿ ಅವಳನ್ನು ಎಲ್ಲರೆದುರು ಪೆಚ್ಚಾಗಿಸಿದ್ದರು. ಆಮೇಲೆ ಅವಳು ಯಾರನ್ನೂ ನಂಬಿದ್ದಿಲ್ಲ.

ಬರ್ನಾರ್ಡ್ ಗಾಟ್ಸ್ ಎಂಬಾತನ ಮೇಲಂತೂ ಮೊದಲೇ ಗುಮಾನಿ. ಆತನ ಹಿತ್ತಿಲಾಚೆಯ ಕೊಳ ಮುಚ್ಚಿ ಮನೆಗಳನ್ನು ಕಟ್ಟಲು ಕಂಟ್ರಾಕ್ಟರನೊಬ್ಬನ ಅರ್ಜಿ ಬಿದ್ದಿತ್ತು. ಅಪರೂಪದ ಜೀವಿಯಿದೆಯೆಂದು ದಾಖಲಾದರೆ ಊರಿನ ಕೌನ್ಸಿಲ್ ಆ ಅರ್ಜಿಯನ್ನು ತಳ್ಳಿಹಾಕುವ ಸಾಧ್ಯತೆಯಿತ್ತು. ಸರಿಯಾಗಿ ಅದೇ ಹೊತ್ತಿಗೆ, ಜೀವಮಾನದಲ್ಲಿ ಒಂದು ಫೋಟೋವನ್ನೂ ಹಾಕದ ಮನುಷ್ಯನಿಗೆ, ಜಿಲ್ಲೆಯಲ್ಲಿ ಕಣ್ಮರೆಯಾಗಿದ್ದ ದೊಡ್ಡ ಜಾತಿಯ ಜೀರುಂಡೆ ಸಿಕ್ಕಿಬಿಟ್ಟಿತ್ತು!

"ಎಷ್ಟು ಅನುಕೂಲವಾಗಿ ಸಿಕ್ಕಿದೆ ನೋಡು," ಎಂದಳು ಗಂಡನಿಗೆ.

ರೆಕ್ಸ್ ಟೋಸ್ಟಿಗೆ ಬೆಣ್ಣೆ ಹಚ್ಚುತ್ತ, "ನೀನು ಪೊಲೀಸ್ ಆಗ್ಬೇಕಿತ್ತು ಕಣೆ. ಪಾಪ, ಆ ಹುಳಕ್ಕೇನು ಗೊತ್ತು ಅರ್ಜಿ ವಿಷಯ?" ಎಂದ.

ಗಾಟ್ಸ್ ಹಾಕಿದ್ದು ಬೆನ್ನಿನ ಫೋಟೋ. ಬರೀ ಬೆನ್ನು ನೋಡಿ ಈ ಜಾತಿಯನ್ನು ಖಚಿತವಾಗಿ ಹೇಳಲಾಗದು. ಹೊಟ್ಟೆಯ ಕಡೆ ಹಿಂಗಾಲಿನ ಬುಡ ನೋಡಬೇಕು. ಹೊಟ್ಟೆಯ ಫೋಟೋ ಕಳಿಸಿ ಎಂದು ಬರೆದಳು. ಮರುದಿನವೇ ಬಂತು, ಬಿಳಿ ತಟ್ಟೆಯಲ್ಲಿ ಅಂಗಾತ ಮಲಗಿದ ಜೀರುಂಡೆ. ಬುಡದ ಮೊನೆ ಚೂಪಾಗಿತ್ತು. ಜಾತಿ ಅದೇ! ಒಂದು ಕ್ಷಣ ಹಿಲರಿ ಖುಷಿಪಟ್ಟಳು. ಆಮೇಲೆ ಮುಂಗಾಲು ನೋಡಿದಳು. ಬೆನ್ನಿನ ಫೋಟೋದಲ್ಲಿದ್ದುದು ಗಂಡು, ಮುಂಗಾಲಿಗೆ ಗಂಡಿಗಷ್ಟೇ ಇರುವ ಅಗಲವಾದ ಅಂಟುಪಾದಗಳಿದ್ದವು. ಇದರ ಮುಂಗಾಲು ಸಪೂರ. ಹೆಣ್ಣು.

"ಸಿಕ್ಕಿಬಿದ್ದ ಕಳ್ಳ!" ಎಂದು ಕೂಗಿದಳು. "ಎಲ್ಲೆಲ್ಲಿಂದಲೋ ಎರಡು ಫೋಟೋ ಕದ್ದು ನನಗೇ ಟೋಪಿ ಹಾಕೋಕೆ ಬಂದಿದಾನೆ."

ದಾಖಲೆಯನ್ನು ತಿರಸ್ಕರಿಸಿದಳು. ಕೌನ್ಸಿಲ್‌ನವರು ವಿಚಾರಿಸಿದಾಗಲೂ, ನಂಬಲರ್ಹವಲ್ಲ ಎಂದು ಬರೆದು ಕೊಟ್ಟು ನೆಮ್ಮದಿಯಾಗಿ ಊಟ ಮಾಡಿದಳು.

ಕೆಲವು ವಾರಗಳ ಮೇಲೆ ಗಾಟ್ಸ್ ಬಾಗಿಲಿಗೇ ಬಂದ. ಬೂಟಿನ ತುಂಬ ಕೆಸರು, ಮುಖ ಕೆಂಪೇರಿತ್ತು.

"ನನ್ನನ್ನ ಸುಳ್ಳುಗಾರ ಅಂದ್ರಂತೆ, ಮಿಸೆಸ್ ಕೆರಿಸನ್."

"ಎರಡು ಬೇರೆ ಬೇರೆ ಹುಳ ತೋರಿಸಿದ್ರಲ್ಲ, ಇನ್ನೇನನ್ಬೇಕು?"

"ಒಂದೇ ಹುಳ ಅಂತ ನಾನೆಲ್ಲಿ ಅಂದೆ? ಫೋಟೋ ತೆಗೆದು ನೀರಿಗೆ ಬಿಟ್ಬಿಡಿ ಅಂತ ನಿಮ್ಮವರೇ ಹೇಳೋದು. ಮೊದಲನೇದನ್ನ ಬಿಟ್ಟಿದ್ದೆ. ನೀವು ಹೊಟ್ಟೆ ಬೇಕು ಅಂದ್ರಿ. ಮತ್ತೆ ಬಲೆ ಹಾಕ್ದೆ, ಸಿಕ್ಕಿದ್ದನ್ನ ಮಗುಚಿ ತೆಗ್ದೆ."

ಹಿಲರಿ ಎರಡೂ ಫೋಟೋಗಳನ್ನು ನೆನಪಿಸಿಕೊಂಡಳು. ಗಂಡೊಂದು, ಹೆಣ್ಣೊಂದು, ಒಂದೇ ಕೊಳ. ದಾರಿ ತಪ್ಪಿ ಹಾರಿಬಂದ ಒಂಟಿ ಹುಳವಲ್ಲ, ಅಲ್ಲಿ ಸಂಸಾರವೇ ಹೂಡಿದ್ದವು. ಕೊಳವನ್ನು ಉಳಿಸಲು ಇದಕ್ಕಿಂತ ಒಳ್ಳೆಯ ಸಾಕ್ಷಿ ಬೇಕಿರಲಿಲ್ಲ, ಅದನ್ನೇ ಅವಳು ಕಳ್ಳತನವೆಂದುಕೊಂಡಿದ್ದಳು. ನಾಚಿಕೆಯಿಂದ ಹಿಡಿಯಾದಳು.

"ತಪ್ಪು ನನ್ನದು. ಒಳಗೆ ಬನ್ನಿ, ಈಗಲೇ ಒಪ್ಪಿಗೆ ಹಾಕ್ತೀನಿ. ಕೌನ್ಸಿಲ್‌ಗೂ ಫೋನ್ ಮಾಡ್ತೀನಿ."

ಗಾಟ್ಸ್ ಹೊಸ್ತಿಲು ದಾಟಲಿಲ್ಲ.

"ಹಾಕಿ, ಬೇಡ ಅನ್ನಲ್ಲ," ಎಂದ. "ಕೊಳಕ್ಕೆ ಕಡೇ ಲಾರಿ ಮಣ್ಣು ಸುರಿದು ಹೋದ ಮೇಲೇ ನಾನು ಈ ಕಡೆ ಹೊರಟಿದ್ದು."